ಬಿಂದಿಗೆ ಮಾಡಿದಾಕೆಯ ಹೆಸರು

ಹೋದ ಶನಿವಾರ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಇಂಡಿಯನ್ ಸ್ಟೋರಿಗೆ ಹೋದಾಗ ಮಣ್ಣಿನ ಕುಡಿಕೆಗಳು ಬಂದಿದ್ದವು. ಮೊಸರು ಹೆಪ್ಪು ಹಾಕಲು ಹೇಳಿ ಮಾಡಿಸಿದಂಥವು. ಕುಕ್ಕರಿನ ಗ್ಯಾಸ್ಕೆಟ್ಟುಗಳ ಪಕ್ಕದ ಶೆಲ್ಫಿನಲ್ಲಿ ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿದ್ದರು. ನಾನು ಒಂದನ್ನು ಬಿಚ್ಚಿ, ಎಡಗೈ ಮೇಲೆ ಕೂರಿಸಿಕೊಂಡು, ಬಲಗೈಯ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟೆ. ಸದ್ದು ಚೆನ್ನಾಗಿತ್ತು. ತಲೆಯೆತ್ತಿದರೆ ಕೌಂಟರಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ಆಂಟಿ, ಆರ್ ಯೂ ಓಕೆ?” ಎಂದಳು. ಓಕೆ ಎಂದು ಕುಡಿಕೆಯನ್ನು ಬುಟ್ಟಿಗೆ ಹಾಕಿಕೊಂಡೆನಾದರೂ ನಾನು ಅಷ್ಟೇನೂ ಓಕೆ ಇರಲಿಲ್ಲ. ಹದಿನೈದು ವರ್ಷದ ಹಿಂದೆ ಹೀಗೇ ಒಂದು ಮಡಕೆಯನ್ನು ತಟ್ಟಿ ಬೈಸಿಕೊಂಡದ್ದು ನೆನಪಾಗಿತ್ತು. ಅದರ ಬೆನ್ನಿಗೇ, ನಾನು ಬಹಳ ಜೋಪಾನವಾಗಿ ಮರೆತಿಟ್ಟಿದ್ದ ಇನ್ನೊಂದು ಸಂಗತಿಯೂ ಎದ್ದು ಬಂತು.

ಆ ಕಾಲ ನಿಮಗೂ ನೆನಪಿರಬಹುದು. ದೊಡ್ಡ ದೊಡ್ಡ ಬ್ಯಾಂಕುಗಳು ಮುಳುಗಿದ ಮರುವರ್ಷದ ಚಳಿಗಾಲ ಅದು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಕನ್ನಡದವರು ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟು “ನಿಮ್ಮವರ ಪ್ರಾಜೆಕ್ಟ್ ಇದೆ ತಾನೇ?” ಎಂದು ಕೇಳುತ್ತಿದ್ದರು. ಪ್ರತಿ ಶನಿವಾರ ಅಂಚೆಪೆಟ್ಟಿಗೆಗಳ ಹತ್ತಿರ ಮೂವಿಂಗ್ ಸೇಲಿನ ಹೊಸ ಚೀಟಿಗಳು ಅಂಟಿಕೊಳ್ಳುತ್ತಿದ್ದವು: ರೈಸ್ ಕುಕ್ಕರು, ಮಗುವಿನ ತೊಟ್ಟಿಲು, ಒಂದೇ ಚಳಿಗಾಲ ಕಂಡ ಹಿಮದ ಬೂಟುಗಳು. ನಮ್ಮ ಮೆಟ್ಟಿಲಿನ ನಾಲ್ಕು ಮನೆಗಳಲ್ಲಿ ಮೂರು ಖಾಲಿಯಾಗಿದ್ದವು. ಎದುರುಮನೆಯಿಂದ ಒಗ್ಗರಣೆಯ ವಾಸನೆ ಬರುವುದು ನಿಂತ ದಿನ ನಾನು ಕಿಟಕಿ ತೆಗೆದು ಸುಮ್ಮನೆ ಕಾದಿದ್ದೂ ಉಂಟು.

ನನ್ನ ಗಂಡ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದರು. ಮನೆಗೆ ಬಂದ ಮೇಲೂ ಇವರ ಕಣ್ಣು ಫೋನಿನ ಮೇಲೇ ಇರುತ್ತಿತ್ತು. ಏನಾದರೂ ಕೇಳಿದರೆ “ಹೂಂ” ಎನ್ನುತ್ತಿದ್ದರು. ಅದು ಯಾವ ಪ್ರಶ್ನೆಗೂ ಸರಿಹೊಂದುವ ಉತ್ತರ. ನನ್ನದು ಎಚ್-ಫೋರ್ ವೀಸಾ, ಅಂದರೆ ಗಂಡನ ಜೊತೆಗೆ ಇರಬಹುದು, ಕೆಲಸ ಮಾಡುವಂತಿಲ್ಲ. ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಆರು ವರ್ಷ ಕ್ಯಾಟಲಾಗ್ ಕಾರ್ಡು ಬರೆದು, ಪುಸ್ತಕ ವಾಪಸ್ಸು ತಾರದ ಮೇಷ್ಟರುಗಳನ್ನು ಹೆದರಿಸಿಕೊಂಡಿದ್ದವಳು ನಾನು. ಇಲ್ಲಿ ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಸಂಜೆ ಮಾತಾಡಹೊರಟರೆ ಗಂಟಲು ಕಟ್ಟಿರುತ್ತಿತ್ತು. ಒಂಟಿತನ ಅನ್ನುವುದು ಮನಸ್ಸಿಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ. ಅದಕ್ಕೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಮುಕ್ಕಳಿಸಬೇಕಾಗುತ್ತದೆಂದು ಆಗ ತಿಳಿಯಿತು.

ಕೊನೆಗೆ ಇವರೇ ಎಲ್ಲೋ ಒಂದು ನೋಟೀಸು ನೋಡಿ ಬಂದರು. ಹಡ್ಸನ್ ನದಿಯ ಈಚೆ ದಡದ ಒಂದು ಸಣ್ಣ ಮ್ಯೂಸಿಯಂ. ಸಂಬಳ ಕೊಡಲಾಗದೆ ಅರ್ಧ ಜನರನ್ನು ಕಳಿಸಿಬಿಟ್ಟಿದ್ದರು, ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಹತ್ತಿಸಲು ವಾಲಂಟಿಯರುಗಳು ಬೇಕಾಗಿದ್ದರು. “ಸಂಬಳ ಇಲ್ಲ, ವೀಸಾಗೂ ಪ್ರಾಬ್ಲಂ ಇಲ್ಲ. ಹೋಗ್ತೀಯಾ?” ಎಂದು ಇವರು ಕೇಳಿದಾಗ, ಕಾರ್ಡು ಎಂಬ ಪದ ಕೇಳಿಯೇ ನಾನು ಕೋಟು ಹಾಕಿಕೊಂಡೆ. ವಾರಕ್ಕೆ ಮೂರು ದಿನ ನನ್ನನ್ನು ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿಸಿ ಇವರು ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ರೈಲಿನಲ್ಲಿ ಸೂಟು ಹಾಕಿದವರ ನಡುವೆ ನಾನೂ ಕಮ್ಯೂಟ್ ಮಾಡುತ್ತಿದ್ದೆ, ಊಟದ ಡಬ್ಬಿಯನ್ನು ಲ್ಯಾಪ್‌ಟಾಪಿನಷ್ಟೇ ಗತ್ತಿನಿಂದ ತೊಡೆಯ ಮೇಲಿಟ್ಟುಕೊಂಡು.

ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಒಂದು ಉಗ್ರಾಣ. ಜನ ನೋಡುವ ಹಾಲುಗಳಲ್ಲಿ ಇರುವುದಕ್ಕಿಂತ ಹತ್ತು ಪಟ್ಟು ಸಾಮಾನು ಅಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾರ್ತಾ, ಐವತ್ತೈದು ದಾಟಿದ ಹೆಂಗಸು. ಪೋರ್ಟೊರಿಕೊ ದ್ವೀಪದಿಂದ ಬಂದ ಕುಟುಂಬ, ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅವರು ಆಡುತ್ತಿದ್ದದ್ದು ಇಂಗ್ಲಿಷು, ಸಿಟ್ಟು ಬಂದರೆ ಸ್ಪ್ಯಾನಿಷ್. ಆದರೆ ನನಗೆ ಅವರ ಮಾತೆಲ್ಲ ಈಗ ಕನ್ನಡದಲ್ಲೇ ನೆನಪಾಗುತ್ತದೆ. ಮೊದಲ ದಿನ ನನಗೆ ನೀಲಿ ಗ್ಲೋವ್ಸು ಕೊಟ್ಟು, ಸಾಲು ಸಾಲು ಮಣ್ಣಿನ ಬಿಂದಿಗೆಗಳಿದ್ದ ಕಪಾಟು ತೋರಿಸಿ, ಕಾರ್ಡು ತರಲು ಒಳಗೆ ಹೋದರು. ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಬಿಂದಿಗೆಗಳು. ಮಾಸಿದ ಬಿಳುಪಿನ ಮೇಲೆ ಕಪ್ಪು, ಕಾವಿ ಬಣ್ಣದ ಹಕ್ಕಿಗಳು, ಮಳೆಯಂತೆ ಇಳಿದ ಗೆರೆಗಳು. ತಳ ಮಾತ್ರ ಒಳಕ್ಕೆ ತಗ್ಗಿತ್ತು. ನೋಡಿದ ಕೂಡಲೇ ಅರ್ಥವಾಯಿತು: ತಲೆಯ ಮೇಲೆ ಕೂರಲು. ನಮ್ಮವರು ಬಟ್ಟೆಯ ಸಿಂಬಿ ಸುತ್ತಿ ಮಾಡುವ ಕೆಲಸವನ್ನು ಆ ಹೆಂಗಸರು ಬಿಂದಿಗೆಯ ತಳದಲ್ಲೇ ಮಾಡಿಟ್ಟಿದ್ದರು. ಖುಷಿಯಾಗಿ, ಎರಡನೆಯ ಯೋಚನೆ ಮಾಡದೆ, ಗ್ಲೋವ್ಸು ತೆಗೆದು ಟಣ್ ಟಣ್ ಎಂದು ತಟ್ಟಿಬಿಟ್ಟೆ.

“ಕೈ ತೆಗಿ!” ಮಾರ್ತಾ ಬಾಗಿಲಿನಿಂದಲೇ ಕಿರುಚಿದರು. ಆಮೇಲೆ ಬಂದದ್ದೆಲ್ಲ ಸ್ಪ್ಯಾನಿಷ್, ನನಗೆ ಅರ್ಥವಾಗಲಿಲ್ಲ, ಆಗದೇ ಇದ್ದದ್ದೇ ಒಳ್ಳೆಯದು. ಉಸಿರು ತೆಗೆದುಕೊಂಡ ಮೇಲೆ ಕೇಳಿದರು, “ಯಾಕೆ ಹಾಗ್ ಮಾಡ್ದೆ?”

“ನಮ್ಮೂರಲ್ಲಿ ಮಡಕೆ ತಗೊಳ್ಳೋವಾಗ ತಟ್ಟಿ ನೋಡ್ತೀವಿ. ಬಿರುಕಿದ್ರೆ ಸದ್ದು ಬೇರೆ ಬರತ್ತೆ.”

“ನೀನೇನು ಇದನ್ನ ತಗೊಂಡು ಹೋಗೋಳಾ?” ಎಂದರು. ಆಮೇಲೆ ದನಿ ಇಳಿಸಿ, “ಏನ್ ಹೇಳ್ತು?” ಎಂದರು.

“ಗಟ್ಟಿಯಿದೆ.”

ಮಾರ್ತಾ ನಕ್ಕುಬಿಟ್ಟರು. ಮುಂದೆ ನಾನು ಮಾಡಿಕೊಂಡು ಹೋದ ಮೈಸೂರು ಪಾಕಿಗಿಂತ ಹೆಚ್ಚಾಗಿ ಆ ತಪ್ಪೇ ನಮ್ಮಿಬ್ಬರನ್ನು ಹತ್ತಿರ ತಂದಿತು. ಅವರು ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು, ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. “ಮಾರ್ತಾ ಆಂಟಿ” ಎಂದೆ. “ನಾನ್ಯಾರ ಆಂಟಿನೂ ಅಲ್ಲ” ಎಂದು ಗದರಿದರು. ವಾರದೊಳಗೆ ಒಗ್ಗಿಕೊಂಡರು.

ಕೆಲಸ ಸುಲಭದ್ದು. ಕಾರ್ಡಿನಲ್ಲಿದ್ದದ್ದನ್ನು ಓದಿ, ವಸ್ತುವಿನ ಜೊತೆ ಹೋಲಿಸಿ, ಟೈಪ್ ಮಾಡಬೇಕು. ಲೈಬ್ರರಿಯ ಅಭ್ಯಾಸದಿಂದ ನನ್ನ ಕಣ್ಣು ಮೊದಲು ಕರ್ತೃವಿನ ಹೆಸರನ್ನೇ ಹುಡುಕುತ್ತದೆ. ಅಲ್ಲಿ ಅದು ಸಿಗುತ್ತಿರಲಿಲ್ಲ. ಬಿಂದಿಗೆಯನ್ನು ತಂದ ವ್ಯಾಪಾರಿಯ ಹೆಸರಿರುತ್ತಿತ್ತು, ಇನಿಶಿಯಲ್ ಸಮೇತ. ದಾನ ಕೊಟ್ಟ ಶ್ರೀಮಂತನ ಹೆಸರಿರುತ್ತಿತ್ತು. ಯಾರ ನೆನಪಿಗಾಗಿ ಕೊಟ್ಟನೋ ಆ ತೀರಿಹೋದ ಹೆಂಡತಿಯ ಹೆಸರೂ ಇರುತ್ತಿತ್ತು. ಮಾಡಿದವರು ಎಂಬಲ್ಲಿ ಮಾತ್ರ ಕಾರ್ಡಿನಿಂದ ಕಾರ್ಡಿಗೆ ಒಂದೇ ಪದ: ಅಜ್ಞಾತ. ಮಾರ್ತಾರ ದ್ವೀಪದಿಂದ ಬಂದ ಮರದ ಸಂತರ ಬೊಂಬೆಗಳ ಪಾಡೂ ಇದೇ. ಅವು ಮನೆಯಲ್ಲಿ ದೇವರ ಗೂಡಿನಲ್ಲಿಟ್ಟು ಪೂಜಿಸುತ್ತಿದ್ದ ಗೇಣುದ್ದದ ಮೂರ್ತಿಗಳು. ಬಣ್ಣ ಮಾಸಿದಾಗಲೆಲ್ಲ ಮನೆಯವರೇ ಹೊಸ ಬಣ್ಣ ಬಳಿಯುತ್ತಿದ್ದರಂತೆ. ಒಂದು ಕೈ ಮುರಿದ ಸಂತನೊಬ್ಬನಿಗೆ ಮಾರ್ತಾ ದಿನಾ ಬೆಳಿಗ್ಗೆ ನಮಸ್ಕಾರ ಹೇಳಿ, ತಮ್ಮ ಮೊಣಕಾಲು ನೋವಿನ ವರದಿ ಒಪ್ಪಿಸಿ ಕೆಲಸ ಶುರುಮಾಡುವುದು. “ನೋಡು, ಇವನ್ನ ಕೆತ್ತಿದವನಿಗೆ ಒಂದು ಹಳ್ಳಿ ಇತ್ತು, ಹಳ್ಳಿಯವರಿಗೆಲ್ಲ ಅವನ ಹೆಸರು ಗೊತ್ತಿತ್ತು. ಅಜ್ಞಾತ ಅಂತೆ! ಯಾರಿಗೆ ಅಜ್ಞಾತ?” ಎಂದು ಕಾರ್ಡನ್ನು ಮೇಜಿನ ಮೇಲೆ ಬಡಿಯುತ್ತಿದ್ದರು. ತಮ್ಮ ಕೆಲಸ ಹೋಗುವ ಮುಂಚೆ ಒಂದಾದರೂ ಕಾರ್ಡಿನಲ್ಲಿ ಆ ಪದ ಹೊಡೆದು ಹಾಕಿ ಒಂದು ಹೆಸರು ಬರೆಯಬೇಕು ಎಂಬುದು ಅವರ ಹಟ. ಕೆಲಸ ಹೋಗುತ್ತದೆಂದು ಅವರಿಗೆ ಆಗಲೇ ಗೊತ್ತಿತ್ತು.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಸಹಿಸಿಕೊಳ್ಳಿ. ನನಗೆ ಏಳು ವರ್ಷವಿದ್ದಾಗ ಮನೆಗೆ ಬಂದ ಒಬ್ಬ ವಯಸ್ಸಾದ ಹೆಂಗಸನ್ನು “ನಿಮ್ಮ ಹೆಸರೇನು?” ಎಂದು ಕೇಳಿದ್ದೆ. ಅಮ್ಮ ಒಳಗೆ ಕರೆದುಕೊಂಡು ಹೋಗಿ ತೊಡೆ ಚಿವುಟಿದರು. ದೊಡ್ಡವರನ್ನು ಹಾಗೆ ಕೇಳಬಾರದು. ಯಾವೂರು ಎಂದು ಕೇಳಬಹುದು, ಯಾರ ಪೈಕಿ ಎಂದು ಕೇಳಬಹುದು, ಮಕ್ಕಳೆಷ್ಟು ಎಂದಂತೂ ಕೇಳಲೇಬೇಕು. ಹೆಸರು ಕೇಳಿದರೆ ಎದುರಿಗಿದ್ದವರನ್ನು ಸಮಕ್ಕೆ ಎಳೆದ ಹಾಗೆ. ಆ ಚಿವುಟಿನ ಫಲವಾಗಿ ನಾನು ಜೀವನವನ್ನೆಲ್ಲ ಅಜ್ಜಿ, ದೊಡ್ಡಮ್ಮ, ಆಂಟಿ, ಅಂಕಲ್‌ಗಳ ನಡುವೆಯೇ ಸಾಗಿಸಿದ್ದೇನೆ. ಎರಡು ವರ್ಷ ಎದುರುಮನೆಯಲ್ಲಿದ್ದು, ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟ ಬೆಂಗಳೂರಿನ ಆಂಟಿಯ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಮಾರ್ತಾ ಹಬ್ಬದ ಸಡಗರದಲ್ಲಿದ್ದರು. ಪ್ಯೂಬ್ಲೊ ಊರೊಂದರಿಂದ ಒಬ್ಬ ಹಿರಿಯರು ಬಿಂದಿಗೆಗಳನ್ನು ನೋಡಲು ಬರುವವರಿದ್ದರು. ಅವರ ಮಗಳು ಟ್ರೆಂಟನ್ ಕಡೆ ನರ್ಸ್ ಆಗಿದ್ದಳು, ಅಮ್ಮ ಚಳಿಗಾಲಕ್ಕೆ ಮಗಳ ಮನೆಗೆ ಬಂದಿದ್ದರು. ಸ್ವತಃ ಬಿಂದಿಗೆ ಮಾಡುವವರು. ಮಾರ್ತಾ ಮೇಜಿನ ಮೇಲೆ ದಪ್ಪ ಮೆತ್ತೆ ಹಾಸಿ ಮೂರು ಬಿಂದಿಗೆ ಇಟ್ಟರು. “ಅವರಿಗೆ ಗ್ಲೋವ್ಸ್ ಕೊಡಬೇಡ, ಅವರ ಕೈ ಅವನ್ನ ಮುಟ್ಟಬಹುದು. ಏನೇ ಹೇಳಲಿ ಬರ್ಕೊ” ಎಂದರು. ಅಷ್ಟರಲ್ಲಿ ಮೇಲಿನಿಂದ ಡೈರೆಕ್ಟರ ಕರೆ ಬಂತು. ಆ ದಿನಗಳಲ್ಲಿ ಮೇಲಿನಿಂದ ಕರೆ ಬಂದರೆ ಯಾರೂ ಕಾಯಿಸುತ್ತಿರಲಿಲ್ಲ. ಮಾರ್ತಾ ಸೀರಿಯಸ್ಸಾಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಮೇಲೆ ಹೋದರು. ಹೀಗಾಗಿ ಆ ಅಜ್ಜಿ ಬಂದಾಗ ಉಗ್ರಾಣದಲ್ಲಿ ನಾನೊಬ್ಬಳೇ ಇದ್ದೆ.

ಎಪ್ಪತ್ತೈದರ ಹತ್ತಿರದ ವಯಸ್ಸು, ಗಿಡ್ಡ ಆಳು, ದಪ್ಪ ಕೋಟು, ಕಾಲಿಗೆ ಬಿಳೀ ಸ್ನೀಕರ್ಸು. ಮಗಳು ಬಾಗಿಲ ಬಳಿಯ ವಿಸಿಟರ್ಸ್ ಹಾಳೆಯಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದು, ಪಕ್ಕದಲ್ಲಿ ‘ಮತ್ತು ತಾಯಿ’ ಎಂದು ಸೇರಿಸಿ, ಆಸ್ಪತ್ರೆಯಿಂದ ಬಂದ ಫೋನು ಹಿಡಿದು ಹೊರಗೆ ಹೋದಳು. ಅಜ್ಜಿಯನ್ನು ಏನೆಂದು ಕರೆಯಬೇಕೋ ಗೊತ್ತಾಗದೆ ನಾನು ಬರೀ ನಕ್ಕೆ. ಅವರೂ ನಕ್ಕರು.

ಮೊದಲ ಎರಡು ಬಿಂದಿಗೆಗಳನ್ನು ಸವರಿ ಬಿಟ್ಟರು. ಮೂರನೆಯದರ ಬಾಯೊಳಗೆ ಕೈ ಇಳಿಸಿದವರು ಹಾಗೇ ನಿಂತರು. ಕಣ್ಣು ಮುಚ್ಚಿಕೊಂಡರು. ಒಳಗೆಲ್ಲ ಬೆರಳಾಡಿಸಿ, “ಇದು ನಮ್ಮಜ್ಜಿದು” ಎಂದರು.

“ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ಆ ಗ್ಲೋವ್ ತೆಗಿ. ಇಲ್ಲಿ ಕೈ ಹಾಕು.”

ನನ್ನ ಮಣಿಕಟ್ಟು ಹಿಡಿದು ಒಳಗಿಳಿಸಿದರು. ಆ ಬಿಂದಿಗೆಗಳಿಗೆ ಕುಂಬಾರರ ತಿಗುರಿಯ ಚಕ್ರ ಇಲ್ಲ. ಮಣ್ಣಿನ ಹುರಿಯನ್ನು ಸುತ್ತಿನ ಮೇಲೆ ಸುತ್ತು ಕೂರಿಸಿ, ಸೋರೆಬುರುಡೆಯ ಚೂರಿನಿಂದ ಹೆರೆದು ನುಣುಪು ಮಾಡುತ್ತಾರೆ. ಕತ್ತಿನ ಕೆಳಗೆ, ಆ ಚೂರು ತಲುಪದ ಒಂದು ಮೂಲೆಯಲ್ಲಿ, ಬೆರಳೊತ್ತಿದ ಗುರುತುಗಳು ಉಳಿದಿದ್ದವು. ಎಲ್ಲ ನೇರ, ಒಂದು ಮಾತ್ರ ಓರೆ. ಮತ್ತೆ ನೇರ, ಮತ್ತೆ ಅದೇ ಓರೆ.

“ಚಿಕ್ಕೋರಿದ್ದಾಗ ಕತ್ತೆ ಮೇಲಿಂದ ಬಿದ್ದು ಈ ಬೆರಳು ಮುರ್ಕೊಂಡಿದ್ರು, ಸೊಟ್ಟಕ್ಕೇ ಕೂಡ್ಕೊಂಡ್ತು” ಎಂದು ತಮ್ಮ ತೋರುಬೆರಳು ತೋರಿಸಿದರು. “ನಂಗೆ ಕಲಿಸಿದ್ದು ಅವರೇ. ಅವರ ಪಕ್ಕ ಕೂತು ನಾನೂ ಬೇಕಂತ ಬೆರಳು ಸೊಟ್ಟ ಮಾಡಿ ಒತ್ತುತಿದ್ದೆ. ಬೈತಿದ್ರು.”

ಓರೆಯ ಗುಳಿಯಲ್ಲಿ ನನ್ನ ಬೆರಳು ಸರಿಯಾಗಿ ಕೂತಿತು. ಅಜ್ಜಿ ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಆ ಚಳಿಗಾಲದಲ್ಲಿ ಗಂಡನ ಹೊರತು ಇನ್ನೊಬ್ಬರ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದೆ: ‘ಸಂದರ್ಶಕಿಯೊಬ್ಬರು ಇದು ತಮ್ಮ ಅಜ್ಜಿಯ ಕೈಕೆಲಸವೆಂದು ಗುರುತಿಸಿದ್ದಾರೆ.’

“ಬರ್ಕೊಂಡ್ಯಾ?” ಎಂದು ಕೇಳಿದರು.

“ಬರ್ಕೊಂಡೆ.”

ಆದರೂ ಅವರು ಅಲ್ಲೇ ನಿಂತಿದ್ದರು. ನನ್ನ ಮುಖ ನೋಡುತ್ತ, ಇನ್ನೇನೋ ಕೇಳುತ್ತೇನೆ ಎಂಬಂತೆ. ಪಾಪ, ಸುಸ್ತಾಗಿದೆ ಎಂದುಕೊಂಡು ನಾನು ಕುರ್ಚಿ ಎಳೆದು ಕೂರಿಸಿ, ಕುಡಿಯಲು ನೀರು ಕೊಟ್ಟೆ. ಸತ್ಕಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲ ನೋಡಿ. ಅಜ್ಜಿ ನೀರು ಕುಡಿದು, ಲೋಟ ಕೆಳಗಿಟ್ಟು, “ಸರಿ” ಎಂದರು. ಹೊರಡುವಾಗ ಬಿಂದಿಗೆಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮಗಳ ತೋಳು ಹಿಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿದರು.

ಮಾರ್ತಾ ಇಳಿದು ಬಂದಾಗ ಲಿಪ್‌ಸ್ಟಿಕ್ ಅಳಿಸಿತ್ತು. ಆದರೂ ನಾನು ಸುದ್ದಿ ಹೇಳಿದ್ದೇ ಓಡಿಬಂದು ಬಿಂದಿಗೆಯೊಳಗೆ ಕೈಹಾಕಿ ನೋಡಿದರು, ನನ್ನನ್ನು ಅಪ್ಪಿಕೊಂಡರು, ಕೈ ಮುರಿದ ಸಂತನಿಗೂ ಕೂಗಿ ಹೇಳಿದರು. ಆಮೇಲೆ ಸ್ಕ್ರೀನಿಗೆ ಬಗ್ಗಿ, “ಹೆಸರು ಎಲ್ಲಿ?” ಎಂದರು.

“ಅವರಜ್ಜಿ ಅಂದ್ರು.”

“ಅಜ್ಜಿಗೆ ಹೆಸರು ಇರಲಿಲ್ವಾ?”

“ಕೇಳೋದು ಹೇಗೆ ಆಂಟಿ, ಅಷ್ಟು ದೊಡ್ಡೋರನ್ನ?”

ಮಾರ್ತಾ ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಆ ವ್ಯಾಪಾರಿಗೆ ಕೇಳ್ಬೇಕು ಅಂತ ಅನ್ನಿಸಲೇ ಇಲ್ಲ, ನಿಂಗೆ ಕೇಳೋಕೆ ಮರ್ಯಾದೆ ಅಡ್ಡ ಬಂತು. ಕಾರ್ಡಿನ ಮೇಲೆ ಎರಡೂ ಒಂದೇ ಥರ ಕಾಣತ್ತೆ” ಎಂದರು. ಆಮೇಲೆ ವಿಸಿಟರ್ಸ್ ಹಾಳೆಯ ನಂಬರನ್ನು ಒಂದು ಚೀಟಿಯ ಮೇಲೆ ಬರೆದು ನನ್ನ ಕೈಯಲ್ಲಿಟ್ಟರು. “ನಾನ್ ಮಾಡಲ್ಲ, ನೀನೇ ಫೋನ್ ಮಾಡು. ಅವರು ಹೇಳಿದ್ದು ನಿಂಗೆ.”

ಎದುರಿಗಿದ್ದರೆ ಹೇಗೋ ನಕ್ಕು, ಕೈ ಆಡಿಸಿ ಸಂಭಾಳಿಸುತ್ತಿದ್ದೆ. ಫೋನಿನಲ್ಲಿ ಇಂಗ್ಲಿಷ್ ಎಂದರೆ ನನಗೆ ಆಗ ಭಯ. ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದುಕೊಂಡು ಎರಡು ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ಮೂರನೆಯ ದಿನ ನಂಬರು ಒತ್ತಿದೆ. ಯಾರೋ ಗಂಡಸು ಎತ್ತಿ, ಗಡಸು ದನಿಯಲ್ಲಿ ಹಲೋ ಎಂದ. “ಸಾರಿ, ರಾಂಗ್ ನಂಬರ್” ಎಂದು ಇಟ್ಟುಬಿಟ್ಟೆ. ನಾನೇ ಫೋನು ಮಾಡಿ, ನಾನೇ ರಾಂಗ್ ನಂಬರೆಂದು ಹೇಳಿದವಳು! ನೀವು ನಗಬಹುದು, ನಾನೂ ಎಷ್ಟೋ ಸಲ ನಗಲು ನೋಡಿದ್ದೇನೆ.

ಮುಂದಿನ ವಾರ ಹೋದಾಗ ಮಾರ್ತಾ ರಟ್ಟಿನ ಪೆಟ್ಟಿಗೆಗೆ ತಮ್ಮ ಸಾಮಾನು ತುಂಬುತ್ತಿದ್ದರು: ಒಂದು ಸ್ವೆಟರು, ಕಾಫಿ ಮಗ್ಗು, ಮೊಣಕಾಲಿಗೆ ಹಚ್ಚುವ ಮುಲಾಮು. ಉಗ್ರಾಣ ಮುಚ್ಚುತ್ತಾರೆ, ವಾಲಂಟಿಯರುಗಳೂ ಬೇಡ ಎಂದರು. ಹತ್ತೊಂಬತ್ತು ವರ್ಷ ಅಲ್ಲಿದ್ದವರು. ನನ್ನ ಬ್ಯಾಡ್ಜನ್ನು ಇಸಿದುಕೊಂಡು, “ಫೋನ್ ಮಾಡಿದ್ಯಾ?” ಎಂದು ಕೇಳಿದರು.

“ಮಾಡ್ದೆ. ಯಾರೂ ಎತ್ತಲಿಲ್ಲ” ಎಂದೆ.

ಮಾರ್ತಾ ನನ್ನನ್ನು ಒಂದು ಕ್ಷಣ ನೋಡಿ, ಕೆನ್ನೆ ತಟ್ಟಿದರು. ಸುಳ್ಳೆಂದು ತಿಳಿದಿತ್ತೋ ಏನೋ. ಆಮೇಲೆ ಅವರು ಮಗನ ಜೊತೆ ಫ್ಲೋರಿಡಾಕ್ಕೆ ಹೋದರೆಂದು ಕೇಳಿದೆ. ಏಪ್ರಿಲ್ಲಿನಲ್ಲಿ, ಮನೆಯ ಮೌನ ಮತ್ತೆ ಗಂಟಲಿಗೆ ಬಂದಾಗ, ಧೈರ್ಯ ಮಾಡಿ ಆ ನಂಬರಿಗೆ ಇನ್ನೊಮ್ಮೆ ಫೋನು ಹಚ್ಚಿದೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಂತ್ರ ಹೇಳಿತು. ಮನೆಗಳ ಜೊತೆ ಫೋನುಗಳೂ ಹೋಗುತ್ತಿದ್ದ ಕಾಲ ಅದು. ಮ್ಯೂಸಿಯಮ್ಮಿಗೆ ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ನಾಚಿಕೆ ಹಳೆಯದಾದಷ್ಟೂ ಬಾಯಿ ಬಿಡುವುದು ಕಷ್ಟ.

ಈಗ ನನಗೆ ಕೆಲಸವಿದೆ. ವೆಸ್ಟ್ ವಿಂಡ್ಸರಿನ ಶಾಲೆಯೊಂದರ ಆಫೀಸಿನಲ್ಲಿ ಕೂತು, ಮಗು ಯಾಕೆ ಬಂದಿಲ್ಲ ಎಂದು ಕೇಳಲು ದಿನಾ ಹತ್ತಾರು ಮನೆಗಳಿಗೆ ಫೋನು ಮಾಡುತ್ತೇನೆ. ಗಡಸು ದನಿಯ ಗಂಡಸರೇ ನನ್ನ ದನಿ ಕೇಳಿ ತಡವರಿಸುತ್ತಾರೆ. ಹೋದ ಶನಿವಾರ ಸ್ಟೋರಿನಿಂದ ಬಂದವಳು ಸಾಮಾನು ಕೂಡ ತೆಗೆದಿಡದೆ ಕಂಪ್ಯೂಟರಿನ ಮುಂದೆ ಕೂತೆ. ಮ್ಯೂಸಿಯಂ ಈಗ ತನ್ನ ಸಂಗ್ರಹವನ್ನೆಲ್ಲ ಆನ್‌ಲೈನ್ ಹಾಕಿದೆ. ಅರ್ಧ ಗಂಟೆ ಹುಡುಕಿದ ಮೇಲೆ ಬಿಂದಿಗೆ ಸಿಕ್ಕಿತು. ಮಾಡಿದವರು: ಅಜ್ಞಾತ. ಕೆಳಗೆ ಷರಾ ಎಂಬಲ್ಲಿ ನನ್ನದೇ ವಾಕ್ಯ, ಒಂದು ಅಕ್ಷರವೂ ಬದಲಾಗದೆ.

ಆ ವಾಕ್ಯ ಬರೆದವಳು ನಾನೇ ಎಂದು ಆವತ್ತೇ ಮ್ಯೂಸಿಯಮ್ಮಿಗೆ ಇಮೇಲ್ ಮಾಡಿದೆ. ಮಂಗಳವಾರ ಅಲ್ಲಿನ ಹೊಸ ಉಸ್ತುವಾರಿಯವರ ಉತ್ತರ ಬಂತು. ಬಹಳ ಉಪಕಾರವಾಯಿತು, ಬಿಂದಿಗೆ ಮಾಡಿದ ಅಜ್ಜಿಯ ಹೆಸರು ನಿಮಗೆ ನೆನಪಿದೆಯೇ, ಅಥವಾ ಬಂದಿದ್ದವರ ಹೆಸರಾದರೂ? ವಿಸಿಟರ್ಸ್ ಹಾಳೆಗಳು ಉಳಿದಿಲ್ಲ, ಎಂದು ಬರೆದಿದ್ದರು. ಮೊದಲು ಬರೆದ ಉತ್ತರದಲ್ಲಿ ಆರ್ಥಿಕ ಕುಸಿತದ ಬಗ್ಗೆ ಎರಡು ಪ್ಯಾರಾ ಇತ್ತು, ಅಳಿಸಿದೆ. ಎರಡನೆಯದರಲ್ಲಿ ನಮ್ಮ ಕಡೆಯ ಮರ್ಯಾದೆಯ ಪದ್ಧತಿಗಳ ವಿವರಣೆ ಇತ್ತು, ಅದನ್ನೂ ಅಳಿಸಿದೆ. ಕೇಳಿದ್ದರೆ ಅವರು ಹೇಳುತ್ತಿದ್ದರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಕೊನೆಗೆ ಇಷ್ಟೇ ಬರೆದೆ: ‘ಅವರು ಹೇಳಲು ಕಾದು ನಿಂತಿದ್ದರು. ನಾನು ಕೇಳಲಿಲ್ಲ. ಅಜ್ಞಾತ ಎಂಬುದನ್ನು ತೆಗೆದು ಇದನ್ನೇ ಹಾಕಿ.’

ಹಾಕೋಣ, ಆದರೆ ಹೇಳಿಕೆ ಯಾರದೆಂದು ದಾಖಲೆಯಲ್ಲಿರಬೇಕು, ಬರೀ ವಾಲಂಟಿಯರ್ ಎಂದರೆ ಸಾಲದು, ಎಂದರು ಉಸ್ತುವಾರಿಯವರು. ಅಪ್ಪನ ಹೆಸರು ಸೇರಿಸಿ ನನ್ನ ಪೂರ್ತಿ ಹೆಸರು ಬರೆದು ಕಳಿಸಿದೆ. ಇವತ್ತು ಬೆಳಿಗ್ಗೆ ನೋಡಿದೆ, ಪುಟ ಬದಲಾಗಿದೆ. ಬಿಂದಿಗೆಯನ್ನು ತಂದವನ ಹೆಸರಿದೆ, ಕೊಟ್ಟವನ ಹೆಸರಿದೆ, ಕೇಳದೇ ಹೋದವಳ ಹೆಸರೂ ಈಗ ಇದೆ. ಮಾಡಿದಾಕೆಯ ಹೆಸರಿಲ್ಲ.